ಖಾಲಿ ಇರಬೇಕಿದ್ದ ಜಾಗ

ಮೇಡಂ ಅವರ ಬಲಗೈ ಉಗುರುಗಳ ಸಂದಿಯಲ್ಲಿ ಯಾವಾಗಲೂ ನೀಲಿ ಬಣ್ಣ ಕೂತಿರುತ್ತಿತ್ತು. ಪ್ರೋಟೀನುಗಳು ಕಣ್ಣಿಗೆ ಕಾಣಲಿ ಅಂತ ಲ್ಯಾಬಿನಲ್ಲಿ ಹಾಕುವ ಬಣ್ಣ ಅದು. ಗ್ಲೌಸು ಹಾಕಿಕೊಳ್ಳಿ ಅಂತ ನಮ್ಮನ್ನೆಲ್ಲ ಗದರುತ್ತಿದ್ದ ಅವರು ತಾವು ಮಾತ್ರ ಅವಸರದಲ್ಲಿ ಬರಿಗೈಯನ್ನೇ ತಟ್ಟೆಗೆ ಅದ್ದಿಬಿಡುತ್ತಿದ್ದರು. ಸೋಪು, ನಿಂಬೆಹಣ್ಣು, ಏನು ಹಚ್ಚಿ ಉಜ್ಜಿದರೂ ಅದು ಪೂರ್ತಿ ಹೋಗುತ್ತಿರಲಿಲ್ಲ. ಮದುವೆಯೂಟಕ್ಕೆ ಕೂತಾಗ ಪಕ್ಕದವರು ಆ ಕೈಯನ್ನೇ ನೋಡುತ್ತಿದ್ದರಂತೆ. ಒಮ್ಮೆ ಯಾರೋ, ಪೇಂಟ್ ಅಂಗಡಿ ಇಟ್ಟಿದ್ದೀರಾ ಅಂತ ಕೇಳಿದಾಗ ಹೌದು ಅಂದುಬಿಟ್ಟರಂತೆ. ಅದನ್ನು ನಮಗೆ ಹೇಳಿ ಬಹಳ ಹೊತ್ತು ನಕ್ಕಿದ್ದರು.

ಅವರು ನನ್ನ ಪಾಠದ ಮೇಡಂ ಅಲ್ಲ. ಎಂ.ಎಸ್ಸಿ. ಮುಗಿಸಿ ಕೆಲಸ ಹುಡುಕುತ್ತಿದ್ದಾಗ ಅವರ ಲ್ಯಾಬಿನಲ್ಲಿ ಪ್ರಾಜೆಕ್ಟ್ ಸಹಾಯಕಿಯಾಗಿ ಸೇರಿದೆ. ನಂಜನಗೂಡಿನ ಕಡೆಯ ಒಂದು ಹಳ್ಳಿಯ ಬೌದ್ಧ ಕುಟುಂಬದವರು ಅವರು. ಅವರ ಅಜ್ಜಿ ಆ ಊರಿನ ಮೇಲ್ಜಾತಿಯವರ ಬೀದಿಗಳಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನಡೆದವರು. ತಂದೆ ಮೈಸೂರಿಗೆ ಬಂದು ರೈಲ್ವೆ ವರ್ಕ್‌ಶಾಪಿನಲ್ಲಿ ದುಡಿದು ಮಗಳನ್ನು ಓದಿಸಿದರು. ಅವರ ಕೇರಿಯಿಂದ ಡಾಕ್ಟರೇಟ್ ಪಡೆದವರಲ್ಲಿ ಮೇಡಂ ಅವರೇ ಮೊದಲಿಗರು. ಮದುವೆಯಾಗಲಿಲ್ಲ. ಅಣ್ಣನ ಮನೆಯ ಮಹಡಿಯ ಮೇಲೆ ಎರಡು ಕೋಣೆ ಮಾಡಿಕೊಂಡಿದ್ದರು. ಸೆಮಿನಾರಿನಲ್ಲಿ ಅಳೆದು ತೂಗಿ ಇಂಗ್ಲಿಷು, ಸಹೋದ್ಯೋಗಿಗಳ ಜೊತೆ ನೀಟಾದ ಕನ್ನಡ. ನಮ್ಮ ಜೊತೆ, ಅದರಲ್ಲೂ ಮನಸ್ಸು ಹಗುರಾಗಿದ್ದಾಗ, ಊರಿನ ಮಾತು ತಾನಾಗಿಯೇ ಬಂದುಬಿಡುತ್ತಿತ್ತು.

ನನ್ನ ಬಗ್ಗೆಯೂ ಸ್ವಲ್ಪ ಹೇಳಬೇಕು. ಹೇಳದೆ ಅವರ ಕಥೆ ಹೇಳಲು ಬರುವುದಿಲ್ಲ.

ನಮ್ಮ ಮನೆ ಕುಂಬಾರಕೊಪ್ಪಲಿನಲ್ಲಿ. ಅಮ್ಮ ತನ್ನ ಸೋದರಮಾವನನ್ನೇ ಮದುವೆಯಾದವಳು. ನಾನು ಎಂಟೋ ಒಂಬತ್ತೋ ವರ್ಷದವಳಿದ್ದಾಗ ನನ್ನ ಕಾಲುಗಳು ನನ್ನ ಮಾತು ಕೇಳುವುದನ್ನು ಬಿಟ್ಟವು. ಕೂತಿದ್ದವಳು ಥಟ್ಟನೆ ಎದ್ದರೆ ತೊಡೆ, ಮೀನಖಂಡಗಳೆಲ್ಲ ಮರದ ಹಾಗೆ ಬಿಗಿದುಕೊಳ್ಳುತ್ತಿದ್ದವು. ಸ್ವಲ್ಪ ಹೊತ್ತು ನಿಂತು, ನಾಲ್ಕು ಹೆಜ್ಜೆ ಮೆಲ್ಲಗೆ ಇಟ್ಟ ಮೇಲೆ ಸಡಿಲವಾಗುತ್ತಿದ್ದವು. ಆಮೇಲೆ ಎಲ್ಲರ ಹಾಗೆ ನಡೆಯುತ್ತಿದ್ದೆ, ಓಡುತ್ತಿದ್ದೆ ಕೂಡ. ಆದ್ದರಿಂದ ಯಾರೂ ನಂಬುತ್ತಿರಲಿಲ್ಲ. ಸ್ಕೂಲಿನ ಓಟದ ಪಂದ್ಯದಲ್ಲಿ ಸೀಟಿ ಊದಿದ ತಕ್ಷಣ ನಾನು ನಿಂತ ಜಾಗದಲ್ಲೇ ಮುಖ ಅಡಿಯಾಗಿ ಬಿದ್ದೆ. ನಾಟಕ ಮಾಡುತ್ತಾಳೆ ಅಂತ ಪಿ.ಟಿ. ಮೇಷ್ಟ್ರು ಬಿಸಿಲಿನಲ್ಲಿ ನಿಲ್ಲಿಸಿದರು. ಸದಾ ಬಿಗಿದೇ ಇರುವ ಸ್ನಾಯುಗಳು ವ್ಯಾಯಾಮ ಮಾಡಿದವರ ಹಾಗೆ ಉಬ್ಬುತ್ತವೆ. ಪಾವಡೆಯ ಕೆಳಗೆ ನನ್ನ ಮೀನಖಂಡ ಕಂಡವರು ನಮ್ಮ ಬೀದಿಯ ಗರಡಿಗೆ ಕಳಿಸಿ ಅಂತ ಅಪ್ಪನಿಗೆ ಹೇಳುತ್ತಿದ್ದರು. ಹುಡುಗರು ಪೈಲ್ವಾನ್ ಅಂತ ಹೆಸರಿಟ್ಟರು.

ಎಲ್ಲಕ್ಕಿಂತ ಕಷ್ಟ ಸಿಟಿ ಬಸ್ಸಿನದು. ಒಂದು ಕಾಲು ಮೆಟ್ಟಿಲ ಮೇಲಿಟ್ಟರೆ ಇನ್ನೊಂದು ಬರುತ್ತಿರಲಿಲ್ಲ. ಹಿಂದಿನವರು ತಳ್ಳುತ್ತಿದ್ದರು, ಕಂಡಕ್ಟರ್ ಬೈಯುತ್ತಿದ್ದ. ಯಾರಿಗೂ ಹೇಳಬೇಡ, ಗೊತ್ತಾದರೆ ಮುಂದೆ ಯಾರು ಮಾಡಿಕೊಳ್ಳುತ್ತಾರೆ ಅನ್ನುತ್ತಿದ್ದಳು ಅಮ್ಮ. ಮುಚ್ಚಿಡುವುದರಲ್ಲಿ ನಾನು ಪಳಗಿಬಿಟ್ಟೆ. ಎಲ್ಲರಿಗಿಂತ ಮೊದಲು ಬಂದು ಕೂರುವುದು, ಎಲ್ಲರೂ ಹೋದ ಮೇಲೆ ಏಳುವುದು, ಕೈ ಕುಲುಕದೆ ನಮಸ್ಕಾರ ಮಾಡುವುದು. ಹಿಡಿದದ್ದನ್ನು ತಕ್ಷಣ ಬಿಡಲು ನನ್ನ ಬೆರಳುಗಳಿಗೆ ಆಗುತ್ತಿರಲಿಲ್ಲ.

ಅದೇ ನನ್ನನ್ನು ಹಿಡಿದುಕೊಟ್ಟದ್ದು. ಲ್ಯಾಬಿಗೆ ಸೇರಿದ ಹೊಸತರಲ್ಲಿ, ಒಂದು ಚಳಿಯ ಬೆಳಿಗ್ಗೆ, ಫ್ರೀಜರಿನಿಂದ ಟ್ಯೂಬುಗಳ ಡಬ್ಬ ತರಲು ಮೇಡಂ ಹೇಳಿದರು. ತಂದು ಚಾಚಿದೆ. ಅವರು ಹಿಡಿದುಕೊಂಡರು, ನನ್ನ ಬೆರಳು ಬಿಡಲಿಲ್ಲ. ಅವರು ಎಳೆದರು. ನಾನು ನಕ್ಕು ಏನೋ ಹೇಳಲು ಹೋದೆ. ಅವರು ಡಬ್ಬ ನೋಡಲಿಲ್ಲ, ನನ್ನ ಬೆರಳು ನೋಡಿದರು. ಒಂದೊಂದೇ ಬೆರಳು ನಿಧಾನವಾಗಿ ಬಿಚ್ಚಿಕೊಂಡ ಮೇಲೆ ನನ್ನ ಅಂಗೈಯನ್ನು ಮೇಜಿನ ಮೇಲೆ ಇರಿಸಿ, ಹೆಬ್ಬೆರಳಿನ ಬುಡದ ಮಾಂಸದ ಮೇಲೆ ಪೆನ್ನಿನಿಂದ ಮೆಲ್ಲಗೆ ತಟ್ಟಿದರು. ಹೆಬ್ಬೆರಳು ಒಳಕ್ಕೆ ಮಡಚಿಕೊಂಡು ಹಾಗೇ ನಿಂತಿತು. ಆಮೇಲೆ ನಿಧಾನವಾಗಿ ಹಿಂದಕ್ಕೆ ಬಂತು. ಮೇಡಂ ಮುಖ ಅರಳಿತು. ಇನ್ನೊಂದು ಸಲ ಅಂದು ಮತ್ತೆ ತಟ್ಟಿದರು.

ಅವರ ಸಂತೋಷಕ್ಕೆ ಕಾರಣ ಆಮೇಲೆ ಗೊತ್ತಾಯಿತು. ಕೈಕಾಲು ಆಡಿಸಿದ ಮೇಲೆ ಸ್ನಾಯು ಸಡಿಲಾಗಬೇಕಾದರೆ, ಅದರ ಜೀವಕೋಶದ ಗೋಡೆಯಲ್ಲಿರುವ ಸಣ್ಣ ದಾರಿಗಳಿಂದ ಕ್ಲೋರೈಡ್ ಅನ್ನುವ ಉಪ್ಪಿನ ಕಣಗಳು ಹಾದುಹೋಗಬೇಕು. ಆ ದಾರಿಯೇ ಕ್ಲೋರೈಡ್ ಚಾನೆಲ್ ಅನ್ನುವ ಪ್ರೋಟೀನು. ಅದು ಕೆಟ್ಟರೆ ಬರುವ ಕಾಯಿಲೆಯೇ ನನ್ನದು. ಮೇಡಂ ತಮ್ಮ ವಯಸ್ಸಿನ ಅರ್ಧಭಾಗವನ್ನು ಆ ಪ್ರೋಟೀನಿನ ಹಿಂದೆ ಕಳೆದಿದ್ದರು. ಆದರೆ ಅದು ಕೆಟ್ಟಿರುವ ಒಬ್ಬ ಮನುಷ್ಯನನ್ನು ಅದುವರೆಗೂ ಕಣ್ಣಿನಿಂದ ನೋಡಿರಲಿಲ್ಲ.

ಮೂರನೆಯ ಸಲ ತಟ್ಟಲು ಪೆನ್ನು ಎತ್ತಿದವರು ನನ್ನ ಮುಖ ನೋಡಿದರು. ಪೆನ್ನು ಕೆಳಗಿಟ್ಟು ಹೊರಗೆ ಹೋದರು. ಸ್ವಲ್ಪ ಹೊತ್ತಿನ ಮೇಲೆ ಕ್ಯಾಂಟೀನಿನಿಂದ ಎರಡು ಟೀ ತಾವೇ ಹಿಡಿದುಕೊಂಡು ಬಂದರು. ನನ್ನದನ್ನು ಕೈಗೆ ಕೊಡದೆ ಮೇಜಿನ ಮೇಲಿಟ್ಟರು.

"ತಪ್ಪಾಯ್ತು ಕಣಮ್ಮ," ಅಂದರು. "ನಿನ್ನ ಕೇಳ್ದೆ ನಿನ್ನ ಕೈ ನೋಡ್ಬುಟ್ಟೆ."

ಅಲ್ಲಿಯವರೆಗೆ ನನ್ನ ಮೈಯನ್ನು ನೋಡಿ ನಕ್ಕವರಿದ್ದರು, ಬೈದವರಿದ್ದರು, ಮರುಗಿದವರಿದ್ದರು. ನೋಡಿದ್ದಕ್ಕೆ ಕ್ಷಮೆ ಕೇಳಿದವರು ಇವರೊಬ್ಬರೇ. ನನಗೆ ಅಳು ಬಂತು. ಅವರು ಟೀ ಕುಡಿಯುತ್ತ ಕಿಟಕಿಯ ಕಡೆ ತಿರುಗಿ ಕೂತರು.

ಆವತ್ತಿನಿಂದ ಅವರಲ್ಲಿ ಒಂದು ಹೊಸ ಅಭ್ಯಾಸ ಶುರುವಾಯಿತು. ನಾವಿಬ್ಬರೂ ಎಲ್ಲಿಗಾದರೂ ಹೊರಡಬೇಕಾದರೆ ನಾನು ಎದ್ದು ನಿಂತ ಕೂಡಲೇ ಅವರು ಬ್ಯಾಗಿನಲ್ಲಿ ಏನನ್ನೋ ಹುಡುಕಲು ತೊಡಗುತ್ತಿದ್ದರು. ಕನ್ನಡಕವೋ ಕೀಲಿಯೋ. ನನ್ನ ಕಾಲು ಸಡಿಲವಾಗಿ ಮೊದಲ ಹೆಜ್ಜೆ ಇಡುವ ತನಕ ಅದು ಸಿಗುತ್ತಿರಲಿಲ್ಲ. ಬೇಕೆಂದೇ ಮಾಡುತ್ತಾರೆ ಅಂತ ತಿಳಿಯಲು ನನಗೆ ಎಷ್ಟೋ ದಿನ ಹಿಡಿಯಿತು. ಒಂದು ಭಾನುವಾರ ಸ್ಕೂಟರಿನಲ್ಲಿ ನಮ್ಮ ಮನೆಗೂ ಬಂದರು. ಅಮ್ಮನ ಪಕ್ಕ ಅಡುಗೆಮನೆಯ ಹೊಸಿಲ ಮೇಲೆ ಕೂತು, ಅವಳು ಸುಲಿಯುತ್ತಿದ್ದ ಅವರೆಕಾಯಿಯನ್ನು ತಾವೂ ಸುಲಿಯುತ್ತ, ಇದು ಯಾರ ದೃಷ್ಟಿಯೂ ಅಲ್ಲ, ಯಾರ ಪಾಪವೂ ಅಲ್ಲ, ಪ್ರಾಣಕ್ಕೆ ಅಪಾಯವೂ ಇಲ್ಲ ಅಂತ ತಮ್ಮ ಊರಿನ ಮಾತಿನಲ್ಲಿ ಬಿಡಿಸಿ ಹೇಳಿದರು. ಬಿಗಿತ ಕಡಿಮೆ ಮಾಡುವ ಮಾತ್ರೆ ಇದೆ ಅಂತ ಹೇಳಿ, ತಮಗೆ ಗೊತ್ತಿದ್ದ ನರರೋಗ ವೈದ್ಯರ ಹತ್ತಿರ ತಾವೇ ಕರೆದುಕೊಂಡು ಹೋದರು. ಮಾತ್ರೆ ತೆಗೆದುಕೊಂಡ ವಾರದೊಳಗೆ ನಾನು ತಡವರಿಸದೆ ಬಸ್ ಹತ್ತಿದೆ. ಹತ್ತಿ ಸೀಟಿನಲ್ಲಿ ಕೂತು, ಇಷ್ಟೇನಾ, ಇಷ್ಟಕ್ಕೆ ಇಷ್ಟು ವರ್ಷ ನಾಚಿಕೊಂಡಿದ್ದೆನಾ ಅನಿಸಿತು. ಹಾಗನಿಸಿದ್ದಕ್ಕೂ ಒಂಥರಾ ನಾಚಿಕೆಯಾಯಿತು.

ಇನ್ನು ಅವರ ಆಂಟಿಬಾಡಿಯ ವಿಷಯ.

ಒಂದು ಪ್ರೋಟೀನಿನ ಚೂರನ್ನು ಮೊಲದ ಮೈಗೆ ಚುಚ್ಚಿದರೆ, ಮೊಲದ ರಕ್ತ ಅದನ್ನು ಹೊರಗಿನದು ಅಂತ ಗುರುತಿಸಿ, ಅದಕ್ಕೇ ಹೋಗಿ ಅಂಟಿಕೊಳ್ಳುವ ಪ್ರತಿಕಾಯಗಳನ್ನು, ಅಂದರೆ ಆಂಟಿಬಾಡಿಗಳನ್ನು, ತಯಾರಿಸುತ್ತದೆ. ರಕ್ತದಿಂದ ಅವನ್ನು ಬೇರೆ ಮಾಡಿ ಇಟ್ಟುಕೊಂಡರೆ, ಸಾವಿರಾರು ಪ್ರೋಟೀನುಗಳ ನಡುವೆ ಆ ಒಂದನ್ನು ಹುಡುಕಲು ಬಳಸಬಹುದು. ಕ್ಲೋರೈಡ್ ಚಾನೆಲ್ಲಿಗೆ ಅಂಟುವ ಆಂಟಿಬಾಡಿಯನ್ನು ಮೇಡಂ ಪ್ರಾಯದಲ್ಲಿ ತಾವೇ ತಯಾರಿಸಿದ್ದರು. ಹೊರದೇಶದಿಂದ ತರಿಸಲು ಅವರ ಬಳಿ ಆಗ ಅನುದಾನ ಇರಲಿಲ್ಲ. ಅದು ಚೆನ್ನಾಗಿ ಕೆಲಸ ಮಾಡುತ್ತದೆ ಅಂತ ಹೆಸರಾಯಿತು. ದೇಶದ ಎಷ್ಟೋ ಲ್ಯಾಬುಗಳವರು ಕೇಳುತ್ತಿದ್ದರು. ಕೇಳಿದವರಿಗೆಲ್ಲ ಥರ್ಮೋಕೋಲ್ ಡಬ್ಬದಲ್ಲಿ ಐಸ್ ತುಂಬಿ, ನಡುವೆ ಕಿರುಬೆರಳಿನಷ್ಟು ಟ್ಯೂಬ್ ಇಟ್ಟು ದುಡ್ಡು ಕೇಳದೆ ಕಳಿಸಿಕೊಡುತ್ತಿದ್ದರು. ಅದನ್ನು ನೆಚ್ಚಿಕೊಂಡು ಅವರ ವಿದ್ಯಾರ್ಥಿಗಳು ಪಿಎಚ್.ಡಿ. ಮಾಡಿದ್ದರು. ಅವರಲ್ಲಿ ಮೊದಲನೆಯವನು, ಮೇಡಂ ಬಾಯಲ್ಲಿ ಯಾವಾಗಲೂ 'ನಮ್ಮ ಹುಡುಗ', ಬೇರೊಂದು ಊರಿನಲ್ಲಿ ಸ್ವಂತ ಲ್ಯಾಬ್ ಕಟ್ಟಿಕೊಂಡಿದ್ದ.

ನನ್ನ ಜೀನ್ ಪರೀಕ್ಷೆಯ ವರದಿ ಬಂದಾಗ ಮೇಡಂ ಅದನ್ನು ನನಗೆ ಓದಿ ವಿವರಿಸಿದರು. ಅಪ್ಪ ಅಮ್ಮ ಇಬ್ಬರಿಂದಲೂ ಒಂದೇ ತಪ್ಪು ನನಗೆ ಬಂದಿತ್ತು. ಅದು ಎಂಥ ತಪ್ಪೆಂದರೆ ಆ ಪ್ರೋಟೀನು ಶುರುವಿನಲ್ಲೇ ತುಂಡಾಗಿ ಹೋಗುತ್ತದೆ. ಅಂದರೆ ನನ್ನ ಮೈಯಲ್ಲಿ ಆ ಚಾನೆಲ್ ಇಲ್ಲವೇ ಇಲ್ಲ. ವೈದ್ಯರು ತೊಡೆಯಿಂದ ಒಂದು ಚೂರು ಸ್ನಾಯು ತೆಗೆದು ಪರೀಕ್ಷಿಸಬಹುದು ಅಂದರು. ಬೇಡ ಅನ್ನುವ ಹಕ್ಕು ನಿನಗೆ ಪೂರ್ತಿ ಇದೆ ಅಂತ ಮೇಡಂ ಮತ್ತೆ ಮತ್ತೆ ಹೇಳಿದರು. ನಾನೇ ಹಟ ಹಿಡಿದು ಕೊಟ್ಟೆ. ಯಾರಿಗೂ ಕಾಣದ ಹಾಗೆ ಮುಚ್ಚಿಟ್ಟುಕೊಂಡಿದ್ದ ಈ ಮೈಯಿಂದ ಅವರಿಗೆ ಏನಾದರೂ ಉಪಯೋಗವಾಗಲಿ ಅನ್ನುವ ಆಸೆ ಇತ್ತು.

ಆ ಪ್ರಯೋಗವನ್ನು ನನ್ನ ಕೈಯಲ್ಲೇ ಮಾಡಿಸಿದರು. ಸ್ನಾಯುವನ್ನು ಅರೆದು, ಅದರ ಪ್ರೋಟೀನುಗಳನ್ನು ಗಾತ್ರಕ್ಕೆ ತಕ್ಕಂತೆ ಮೇಲಿಂದ ಕೆಳಕ್ಕೆ ಬಿಡಿಸಿ, ತೆಳುವಾದ ಹಾಳೆಗೆ ಇಳಿಸಿ, ಮೇಲೆ ಆಂಟಿಬಾಡಿ ಹಾಕುತ್ತೇವೆ. ಹುಡುಕುತ್ತಿರುವ ಪ್ರೋಟೀನು ಇದ್ದರೆ, ಆ ಹಾಳೆಯ ಮೇಲಿಟ್ಟ ಎಕ್ಸ್‌ರೇ ಫಿಲ್ಮಿನಲ್ಲಿ ಅಲ್ಲೊಂದು ಕಪ್ಪು ಗೆರೆ ಮೂಡುತ್ತದೆ. ಆರೋಗ್ಯವಂತರ ಸ್ನಾಯು ಒಂದು ಸಾಲಿನಲ್ಲಿ, ಪಕ್ಕದ ಸಾಲಿನಲ್ಲಿ ನನ್ನದು. ನನ್ನ ಸಾಲು ಖಾಲಿ ಇರಬೇಕಿತ್ತು.

ಖಾಲಿ ಇರಲಿಲ್ಲ. ಎರಡು ಸಾಲಿನಲ್ಲೂ ಒಂದೇ ಎತ್ತರದಲ್ಲಿ, ಒಂದೇ ದಪ್ಪದ ಗೆರೆ ಇತ್ತು.

ನಾನೇ ಏನೋ ಕೆಡಿಸಿದೆ ಅಂದುಕೊಂಡೆ. ಸ್ಯಾಂಪಲ್ ಬೆರೆತಿರಬೇಕು. ಫಿಲ್ಮನ್ನು ಹಾಗೇ ತೆಗೆದುಕೊಂಡು ಹೋಗಿ ಮೇಡಂ ಮುಂದಿಟ್ಟು, ಮತ್ತೆ ಮಾಡುತ್ತೇನೆ ಅಂದೆ. ಅವರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ನೀನು ಮಾಡಬೇಡ, ನಾನು ಮಾಡುತ್ತೇನೆ ಅಂದರು. ತಾವೇ ಮಾಡಿದರು. ಅದೇ ಗೆರೆ. ಜೀನ್ ಪರೀಕ್ಷೆಯನ್ನು ಬೇರೆ ಕಡೆ ಇನ್ನೊಮ್ಮೆ ಮಾಡಿಸಿದರು. ಅದೇ ವರದಿ. ಇಲ್ಲದ ಪ್ರೋಟೀನನ್ನು ಅವರ ಆಂಟಿಬಾಡಿ ಇದೆ ಅನ್ನುತ್ತಿತ್ತು. ಅಂದರೆ ಇಷ್ಟು ವರ್ಷ ಅದು ತೋರಿಸುತ್ತಿದ್ದದ್ದು ಕ್ಲೋರೈಡ್ ಚಾನೆಲ್ಲನ್ನಲ್ಲ. ಅಷ್ಟೇ ಗಾತ್ರದ, ಸ್ನಾಯುವಿನಲ್ಲೇ ಇರುವ ಬೇರೆ ಯಾವುದನ್ನೋ.

ನನಗೆ ಆಗ ಆದ ನಾಚಿಕೆಯನ್ನು ಹೇಗೆ ಹೇಳಲಿ. ನಾನು ಯಾವ ತಪ್ಪೂ ಮಾಡಿರಲಿಲ್ಲ, ಅದು ನನಗೆ ಗೊತ್ತಿತ್ತು. ಆದರೂ ಚಿಕ್ಕಂದಿನಿಂದ ಹೋದಲ್ಲೆಲ್ಲ ಅಡ್ಡ ಬಿದ್ದ ಈ ಮೈ ಇಲ್ಲಿಯೂ ಬಂದು ಅಡ್ಡ ಬಿತ್ತಲ್ಲ ಅನಿಸಿತು. ನನ್ನನ್ನು ಮನುಷ್ಯರ ಹಾಗೆ ಕಂಡ ಒಬ್ಬರ ಜೀವಮಾನದ ಕೆಲಸದ ಮೇಲೇ ಬಿತ್ತು.

ಪಕ್ಕದ ಲ್ಯಾಬಿನ ಹಿರಿಯ ಪ್ರೊಫೆಸರರಿಗೆ ಮೇಡಂ ತಾವೇ ಫಿಲ್ಮ್ ತೋರಿಸಿದರು. ಅವರು ಕೆಟ್ಟವರಲ್ಲ, ಮೇಡಂ ಮೇಲೆ ಅಭಿಮಾನ ಇದ್ದವರು. ಬಾಗಿಲು ಹಾಕಿಕೊಂಡು ತಗ್ಗಿದ ದನಿಯಲ್ಲಿ ಬುದ್ಧಿ ಹೇಳಿದರು. ಒಬ್ಬಳದು, ಒಂದೇ ಒಂದು ಸ್ಯಾಂಪಲ್. ನಿವೃತ್ತಿ ಹತ್ತಿರ ಇದೆ. ಹುಡುಗರ ಡಿಗ್ರಿಗಳು ಇದರ ಮೇಲೆ ನಿಂತಿವೆ. ಕಾದು ಕೂತವರಿಗೆ ನೀವಾಗಿಯೇ ಯಾಕೆ ಕಲ್ಲು ಎತ್ತಿಕೊಡುತ್ತೀರಿ, ನಿಮ್ಮವರು ಎಡವಲಿ ಅಂತ ಎಷ್ಟು ಜನ ಕಾದಿದ್ದಾರೆ ಅನ್ನುವುದು ನಿಮಗೇ ಗೊತ್ತು ಅಂದರು. ನಾನು ಅದೇ ಕೋಣೆಯ ಮೂಲೆಯಲ್ಲಿ ಟ್ಯೂಬು ಜೋಡಿಸುತ್ತಿದ್ದೆ. ಎದ್ದು ಹೋಗೋಣವೆಂದರೆ, ಆ ಗಾಬರಿಯಲ್ಲಿ ಎದ್ದರೆ ಮಾತ್ರೆ ಇದ್ದರೂ ಕಾಲು ಬಿಗಿಯುತ್ತದೆ.

ಮೇಡಂ ಆ ಮಾತನ್ನೆಲ್ಲ ಕೇಳಿಸಿಕೊಂಡರು. ಆಮೇಲೆ ಹೇಳಿದರು: "ಸರ್, ಒಬ್ಬ ಹುಡುಗಿ ತನ್ನ ತೊಡೆ ಮಾಂಸ ಕುಯ್ಸಿ ಕೊಟ್ಟವಳೆ. ಅದು ನಿಜ ಹೇಳ್ತಾ ಅದೆ. ನಾನು ಅದನ್ನ ಸುಳ್ಳು ಅನ್ಲಾ?"

ಪ್ರೊಫೆಸರು ಬಾಗಿಲು ತೆಗೆದುಕೊಂಡು ಹೋದರು.

ಮೇಡಂ ಮೊದಲು ಮಾಡಿದ್ದು ಆಂಟಿಬಾಡಿ ಪಡೆದವರಿಗೆಲ್ಲ ಫೋನ್ ಮಾಡುವ ಕೆಲಸ. ಒಬ್ಬೊಬ್ಬರಿಗೂ ಅದೇ ಮಾತನ್ನು ಮೊದಲಿನಿಂದ ಹೇಳಬೇಕಿತ್ತು. ಒಂದು ಫೋನ್ ಮುಗಿದ ಮೇಲೆ ನೀರು ಕುಡಿದು, ಮತ್ತೆ ಇನ್ನೊಂದು. ಕೆಲವರು ಧನ್ಯವಾದ ಹೇಳಿದರು. ಕೆಲವರು ನಡುವೆಯೇ ಫೋನ್ ಇಟ್ಟುಬಿಟ್ಟರು. 'ನಮ್ಮ ಹುಡುಗ'ನಿಗೆ ಕೊನೆಯಲ್ಲಿ ಮಾಡಿದರು. ಅವನು ಕೂಗಾಡಿದ್ದು ಮೇಜಿನ ಈಚೆಗಿದ್ದ ನನಗೂ ಕೇಳಿಸಿತು. ನನ್ನ ಕೆಲಸಕ್ಕೆ ಈಗ ಬೆಲೆ ಏನು, ನನ್ನ ವಿದ್ಯಾರ್ಥಿಗಳಿಗೆ ಏನು ಹೇಳಲಿ, ಮೊದಲೇ ನೋಡಬೇಕು ಅಂತ ನಿಮಗೆ ಗೊತ್ತಾಗಲಿಲ್ಲವಾ ಅಂದ. ಕೊನೆಗೆ, ಬಾಯಿಂದ ಬರಬಾರದ ಒಂದು ಮಾತೂ ಬಂತು. ಅದನ್ನು ಇಲ್ಲಿ ಬರೆಯುವುದಿಲ್ಲ. ಮೇಡಂ ಹೂಂ, ಹೂಂ ಅನ್ನುತ್ತಲೇ ಇದ್ದರು. ಫೋನ್ ಇಟ್ಟ ಮೇಲೆ ನನಗೆ ಸಿಟ್ಟು ಬಂದದ್ದನ್ನು ಕಂಡು, "ಅವನು ಬೈದಿದ್ದು ಸರಿಯಾಗೇ ಅದೆ. ಅವನ ಪ್ರಾಯ ತಿಂದ್ಬುಟ್ಟೆ ನಾನು" ಅಂದರು. ಆ ಆಂಟಿಬಾಡಿಯನ್ನು ಹೊಸದಾಗಿ ಮಾಡಿದಾಗ ಸ್ನಾಯುವಿನಲ್ಲಿ ಗೆರೆ ಬರುತ್ತಿತ್ತು, ಆ ಚಾನೆಲ್ ಇಲ್ಲದ ಯಕೃತ್ತಿನಲ್ಲಿ ಬರುತ್ತಿರಲಿಲ್ಲ. ಆ ಕಾಲಕ್ಕೆ ಎಲ್ಲರೂ ಅಷ್ಟೇ ಸಾಕು ಅನ್ನುತ್ತಿದ್ದರು. ಅದನ್ನು ನಾನು ನೆನಪು ಮಾಡಿದೆ. ಎಲ್ಲರೂ ಅಂದರೆ ನಾನೂ ಅನ್ನಬೇಕಿತ್ತಾ ಅಂತ ಕೇಳಿದರು.

ಆಮೇಲೆ ವಿಭಾಗದ ಸೆಮಿನಾರಿನಲ್ಲಿ ಹೇಳುತ್ತೇನೆ ಅಂತ ತಾವೇ ದಿನ ಕೇಳಿದರು. ಸಭಾಂಗಣ ಅಷ್ಟು ತುಂಬಿದ್ದನ್ನು ನಾನು ನೋಡಿರಲಿಲ್ಲ. ಹೊರಗಿನ ಕಾಲೇಜುಗಳಿಂದಲೂ ಬಂದಿದ್ದರು. ಮೇಡಂ ಇಳಕಲ್ ಸೀರೆ ಉಟ್ಟು ಬಂದಿದ್ದರು. ಪ್ರಶಸ್ತಿ ತೆಗೆದುಕೊಳ್ಳಲು ಹೋಗುವಾಗ ಉಡುತ್ತಿದ್ದ ಸೀರೆ ಅದು. ನನ್ನ ಫಿಲ್ಮನ್ನು ದೊಡ್ಡ ಪರದೆಯ ಮೇಲೆ ಹಾಕಿ, ಇವರು ಒಬ್ಬ ರೋಗಿ, ಇವರಲ್ಲಿ ಈ ಪ್ರೋಟೀನು ಇಲ್ಲ, ಆದರೂ ನನ್ನ ಆಂಟಿಬಾಡಿ ಇದೆ ಅನ್ನುತ್ತದೆ, ಆದ್ದರಿಂದ ನನ್ನ ಪ್ರಬಂಧಗಳನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದೇನೆ ಅಂದರು. ದನಿ ನಡುಗಲಿಲ್ಲ. 

ಪ್ರಶ್ನೆಗಳು ಶುರುವಾದವು. ಮುಂದಿನ ಸಾಲಿನಲ್ಲಿದ್ದ ಒಬ್ಬರು, ಆ ರೋಗಿ ನಿಜವಾಗಿ ರೋಗಿಯೇ ಅಂತ ಏನು ಖಾತ್ರಿ, ಸ್ಯಾಂಪಲ್ ತಂದುಕೊಟ್ಟವರು ಯಾರು, ಅದು ಎಲ್ಲಿಯಾದರೂ ಅದಲು ಬದಲಾಗಿರಬಹುದಲ್ಲ ಅಂತ ಕೇಳಿದರು. ಉಳಿಸಲು ಕೇಳಿದರೋ ಹಂಗಿಸಲು ಕೇಳಿದರೋ ಈಗಲೂ ನನಗೆ ಗೊತ್ತಿಲ್ಲ. ಮೇಡಂ ರೋಗಿಯ ಹೆಸರು ಹೇಳುವಂತಿರಲಿಲ್ಲ. ಎರಡು ಸಲ ಪರೀಕ್ಷೆ ಆಗಿದೆ ಅಂತಷ್ಟೇ ಹೇಳಿದರು. ಕೇಳಿದವರು ಬಿಡಲಿಲ್ಲ. ಹಿಂದಿನ ಸಾಲುಗಳಲ್ಲಿ ಯಾರೋ ನಕ್ಕರು.

ನಾನು ಎದ್ದೆ. ಯೋಚಿಸಿ ಎದ್ದದ್ದಲ್ಲ. ಗಾಬರಿಯಲ್ಲಿ ಥಟ್ಟನೆ ಎದ್ದರೆ ಮಾತ್ರೆಯೂ ನನ್ನನ್ನು ಕಾಯುವುದಿಲ್ಲ. ಎರಡೂ ಕಾಲು ಬಿಗಿದುಕೊಂಡವು. ಕುರ್ಚಿಗಳ ನಡುವಿನ ದಾರಿಗೆ ಕಡಿದ ಮರದ ಹಾಗೆ ಬಿದ್ದೆ. ಮೊಣಕೈ ತರಚಿತು, ಚೂಡಿದಾರದ ವೇಲು ಕುರ್ಚಿಯ ಕಾಲಿಗೆ ಸಿಕ್ಕಿಕೊಂಡಿತು. ಎಲ್ಲರೂ ತಿರುಗಿದರು. ಏಳಲು ಆಗಲಿಲ್ಲ. ಬಿದ್ದಲ್ಲಿಂದಲೇ, ಅದು ನನ್ನ ಸ್ನಾಯು ಸರ್, ನಾನೇ ಆ ರೋಗಿ ಅಂದೆ.

 ಮೇಡಂ ವೇದಿಕೆಯಿಂದ ಇಳಿದು ಬಂದು, ಎಬ್ಬಿಸಲು ಬಂದವರನ್ನು ಕೈ ಅಡ್ಡ ಮಾಡಿ ತಡೆದು, ಇಳಕಲ್ ಸೀರೆಯಲ್ಲೇ ನೆಲದ ಮೇಲೆ ನನ್ನ ಪಕ್ಕ ಕೂತರು. ನನ್ನ ಕಾಲು ಬಿಡುವ ತನಕ ಇಬ್ಬರೂ ಹಾಗೇ ಕೂತಿದ್ದೆವು. ಎಲ್ಲರ ಕಣ್ಣೂ ನಮ್ಮ ಮೇಲಿತ್ತು. ನಾನು ಧೈರ್ಯ ಮಾಡಿದೆ ಅಂತ ಆಮೇಲೆ ಕೆಲವರು ಹೊಗಳಿದರು. ನನಗೆ ಹಾಗೆ ಅನಿಸಲೇ ಇಲ್ಲ. ಎಷ್ಟೋ ವಾರ ಆ ಸಭಾಂಗಣದ ಮುಂದೆ ಹಾಯುವಾಗ ಮೈ ಬಿಸಿಯಾಗುತ್ತಿತ್ತು.

ಮೇಡಂ ಅವರೂ ಹೊಗಳಲಿಲ್ಲ. ಲ್ಯಾಬಿಗೆ ಬಂದ ಮೇಲೆ ಮೊಣಕೈಗೆ ಹತ್ತಿ ಒತ್ತುತ್ತ ಗದರಿದರು. ಯಾಕೆ ಎದ್ದೆ, ಅದು ನಿನ್ನ ಗುಟ್ಟಾಗಿತ್ತು, ನನ್ನ ಮಾನ ಉಳಿಸಲು ನೀನು ನಿನ್ನದನ್ನು ಕೊಡಬೇಕು ಅಂತ ನಾನು ಕೇಳಿದೆನಾ ಅಂದರು. ಅವರ ಕಣ್ಣಲ್ಲಿ ನೀರಿತ್ತು. ಅವತ್ತು ಅವರಿಗೆ ಪ್ರಬಂಧಗಳು ಹೋದದ್ದಕ್ಕಿಂತ ಇದೇ ಹೆಚ್ಚು ನೋವಾಯಿತು ಅಂತ ನನ್ನ ಅನಿಸಿಕೆ.

ಮುಂದಿನದು ಬೇಗ ಬೇಗ ಆಯಿತು. ಪ್ರಾಜೆಕ್ಟ್ ಮುಂದುವರಿಯಲಿಲ್ಲ. ಫ್ರೀಜರಿನಲ್ಲಿದ್ದ ಆಂಟಿಬಾಡಿಯ ಟ್ಯೂಬುಗಳನ್ನೆಲ್ಲ ನಾವಿಬ್ಬರೂ ಸೇರಿ ಬಿಸಿ ಆವಿಯ ಯಂತ್ರಕ್ಕೆ ಹಾಕಿ ನಾಶ ಮಾಡಿದೆವು. ನನ್ನ ಸ್ನಾಯುವಿನ ಉಳಿದ ಚೂರನ್ನು ಮಾತ್ರ, ಮುಂದೆ ಯಾರಿಗಾದರೂ ಬೇಕಾಗುತ್ತದೆ ಅಂತ, ನನ್ನನ್ನು ಕೇಳಿಯೇ ಉಳಿಸಿದರು. ಒಂದು ಸಂಜೆ ಕಾರಿಡಾರಿನಲ್ಲಿ ಹೋಗುತ್ತಿದ್ದಾಗ ತೆರೆದ ಬಾಗಿಲೊಂದರ ಒಳಗಿಂದ ಒಂದು ಮಾತು ಕೇಳಿಸಿತು. ಇಂಥವರಿಗೆಲ್ಲ ಲ್ಯಾಬ್ ಕೊಟ್ಟರೆ ಹೀಗೇ ಆಗೋದು ಅಂತ. 'ಇಂಥವರು' ಅಂದರೆ ಯಾರು ಅಂತ ಇಬ್ಬರಿಗೂ ಗೊತ್ತಿತ್ತು. ನಾನು ನಿಂತೆ. ಮೇಡಂ ನಿಲ್ಲಲಿಲ್ಲ.

ಗೇಟಿನ ಹೊರಗಿನ ಟೀ ಅಂಗಡಿಯ ಕಲ್ಲುಬೆಂಚಿನ ಮೇಲೆ ಕೂತ ಮೇಲೆ, ನಿಮಗೆ ಏನೂ ಅನಿಸಲಿಲ್ಲವಾ ಅಂತ ಕೇಳಿದೆ. ಅವರು ಟೀ ಲೋಟವನ್ನು ಬೆಂಚಿನ ಮೇಲಿಟ್ಟರು.

"ನಾನು ಸರಿಯಾಗಿ ನೋಡ್ಲಿಲ್ಲ. ಅದಕ್ಕೆ ನಂಗೆ ನಾಚ್ಕೆ ಅದೆ, ಸಾಯೋಗಂಟ ಇರ್ತದೆ, ಇರ್ಲಿ," ಅಂದರು. "ಅವ್ರು ಅಂದ್ರಲ್ಲ, ಅದಕ್ಕೆ ನಾನ್ಯಾಕೆ ನಾಚ್ಕೊಳ್ಳಾನ? ನಾನು ಹುಟ್ಟಿದ ಮನೆ ನಾನು ಮಾಡಿದ ತಪ್ಪಲ್ಲ. ನಿನ್ನ ಕಾಲೂ ಅಂಗೇ ಕಣವ್ವ. ಮಾಡಿದ್ದು, ಹುಟ್ಟಿಬಂದಿದ್ದು, ಎರಡನ್ನೂ ಒಂದೇ ಗಂಟಿಗೆ ಕಟ್ಬ್ಯಾಡ."

ನನಗೆ ಯಾರೂ ಅದನ್ನು ಹಾಗೆ ಬೇರೆ ಮಾಡಿ ತೋರಿಸಿರಲಿಲ್ಲ. ಅಮ್ಮನಿಗೂ ಗೊತ್ತಿರಲಿಲ್ಲ.

ನಿವೃತ್ತಿಯ ದಿನ ವಿಭಾಗದಲ್ಲಿ ಶಾಲು ಹೊದಿಸಿದರು, ಹಾರ ಹಾಕಿದರು. ಮಾತಾಡಿದವರೆಲ್ಲ ಅವರ ಶಿಸ್ತು, ಸರಳತೆ ಅಂತ ಹೇಳಿ ಕೂತರು. ಆ ಸೆಮಿನಾರಿನ ಮಾತನ್ನು ಒಬ್ಬರೂ ಎತ್ತಲಿಲ್ಲ. ಅದನ್ನು ಬಿಟ್ಟದ್ದು ದಾಕ್ಷಿಣ್ಯಕ್ಕೆ ಅಂತ ಮಾತಾಡಿದವರು ತಿಳಿದಿದ್ದರು. ಮೇಡಂ ಮಾಡಿದ ಅತಿ ಕಷ್ಟದ ಕೆಲಸವನ್ನೇ ಒಂದು ಕಳಂಕದ ಹಾಗೆ ಮುಚ್ಚಿ ಕಳಿಸಿಕೊಟ್ಟರು. ನಾನೂ ಹಿಂದಿನ ಸಾಲಿನಲ್ಲಿ ಸುಮ್ಮನೆ ಕೂತಿದ್ದೆ.

ನನಗೆ ಕಡಕೊಳದ ಒಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ರಕ್ತಪರೀಕ್ಷೆಯ ಕಿಟ್ ತಯಾರಿಸುವ ಜಾಗ. ಬರುವ ಪ್ರತಿಯೊಂದು ಆಂಟಿಬಾಡಿಯನ್ನೂ ಪರೀಕ್ಷಿಸಿ ಒಪ್ಪುವುದು ನನ್ನ ಹೊಣೆ. ಹುಡುಕುವ ವಸ್ತು ಇರುವ ಸ್ಯಾಂಪಲ್ಲಿಗಿಂತ ಮೊದಲು ಅದು ಇಲ್ಲದ ಸ್ಯಾಂಪಲ್ಲಿನ ಮೇಲೆ ಹಾಕಿ ನೋಡುತ್ತೇನೆ. ಇಲ್ಲದ್ದನ್ನು ಇಲ್ಲ ಅನ್ನಲು ಬಾರದ ಆಂಟಿಬಾಡಿಯನ್ನು ಹಿಂದಕ್ಕೆ ಕಳಿಸುತ್ತೇನೆ. ಅದಕ್ಕಾಗಿ ಮೇಲಿನವರ ಕೈಯಲ್ಲಿ ಬೈಸಿಕೊಂಡಿದ್ದೂ ಇದೆ. ಭಾನುವಾರಗಳಂದು ಮೇಡಂ ಮನೆಗೆ ಹೋಗುತ್ತಿದ್ದೆ. ಮಹಡಿಯ ಮೇಲೆ ಕೇರಿಯ ಮಕ್ಕಳಿಗೆ ವಿಜ್ಞಾನದ ಪಾಠ ಹೇಳಿಕೊಡುತ್ತಿದ್ದರು. ಮಕ್ಕಳು ಏನಾದರೂ ತಪ್ಪು ಉತ್ತರ ಹೇಳಿದರೆ ಸಿಟ್ಟಾಗುತ್ತಿರಲಿಲ್ಲ. ಹೇಗೆ ಗೊತ್ತಾಯಿತು ಅಂತ ಮಾತ್ರ ಕೇಳುತ್ತಿದ್ದರು. 'ನಮ್ಮ ಹುಡುಗ' ಆ ಫೋನಿನ ನಂತರ ಮತ್ತೆ ಮಾತಾಡಿರಲಿಲ್ಲ. ಅವನ ವಿಷಯ ಬಂದಾಗ ಮೇಡಂ, ಅವನು ಮತ್ತೆ ಮೊದಲಿನಿಂದ ಶುರು ಮಾಡಿದ್ದಾನಂತೆ ಅಂತ ಯಾರಿಂದಲೋ ಕೇಳಿದ್ದನ್ನು ಹೆಮ್ಮೆಯಿಂದ ಹೇಳುತ್ತಿದ್ದರು.

ಒಂದು ಬೆಳಿಗ್ಗೆ ಕಾಫಿ ಕುಡಿದು ಕೂತವರು ಹಾಗೇ ಒರಗಿದರಂತೆ. ಹೃದಯ ನಿಂತಿತ್ತು. ಅವರ ಸಂಬಂಧಿಕರು ಸುತ್ತ ಕೂತು ಬುದ್ಧವಂದನೆ ಹೇಳಿದರು. ಯೂನಿವರ್ಸಿಟಿಯ ಕಡೆಯಿಂದ ಬಂದವರು ಕಡಿಮೆ.

ಮೇಡಂ ತೀರಿಕೊಂಡು ಒಂದು ವರ್ಷ ಕಳೆದಿರಲಿಲ್ಲ, ಅವರ 'ನಮ್ಮ ಹುಡುಗ' ನನಗೆ ಫೋನ್ ಮಾಡಿದರು. ನೇರವಾಗಿ ಮಾತಾಡಿದ ಮೇಲೆ ಅವನು ಅನ್ನಲು ನನಗೆ ಬಾಯಿ ಬರಲಿಲ್ಲ. ಹೊಸ ಆಂಟಿಬಾಡಿ ಮಾಡಿದ್ದೇನೆ, ನಿಮ್ಮ ಸ್ನಾಯುವಿನ ಮೇಲೆ ಪರೀಕ್ಷಿಸಬೇಕು, ಒಪ್ಪಿಗೆ ಬೇಕು ಅಂದರು. ಕೊಟ್ಟೆ. ಮೈಸೂರಿಗೆ ಬಂದು ಕಾರ್ಖಾನೆಯ ಹತ್ತಿರವೇ ನನ್ನನ್ನು ಕಂಡರು. ತಲೆ ನರೆತಿತ್ತು. ಮೇಡಂ ನನ್ನ ಬಗ್ಗೆ ಏನಾದರೂ ಅಂದಿದ್ದರಾ ಅಂತ ಕೇಳಿದರು. ನೀವು ಬೈದದ್ದು ಸರಿ ಅಂದಿದ್ದರು ಅಂತ ಹೇಳಿದೆ. ಸಮಾಧಾನವಾಗಲಿ ಅಂತ ಹೇಳಿದ್ದು. ಅವರು ಮುಖ ಮುಚ್ಚಿಕೊಂಡುಬಿಟ್ಟರು.

ಕಳೆದ ತಿಂಗಳು ಅದೇ ಸಭಾಂಗಣದಲ್ಲಿ ಅವರ ಭಾಷಣ ಇತ್ತು. ಹೊಸ ಆಂಟಿಬಾಡಿಯ ಫಲಿತಾಂಶ ಕೇಳಲು ಜನ ಬಂದಿದ್ದರು. ಅವರು ಅದನ್ನು ಮೊದಲು ತೋರಿಸಲಿಲ್ಲ. ನಾನು ಮಾಡಿದ, ಮೇಡಂ ಕಿಟಕಿಯ ಬೆಳಕಿಗೆ ಹಿಡಿದು ನೋಡಿದ ಆ ಹಳೆಯ ಫಿಲ್ಮನ್ನು ಪರದೆಯ ಮೇಲೆ ಹಾಕಿದರು. ಕೆಳಗೆ ಮೇಡಂ ಹೆಸರಿತ್ತು. ಇದು ನನ್ನ ಗುರುಗಳು ಪ್ರಕಟಿಸಿದ ಕೊನೆಯ ಫಲಿತಾಂಶ, ಇದನ್ನು ಅವರು ಮುಚ್ಚಿಟ್ಟಿದ್ದರೆ ನನ್ನ ಕೆಲಸ ಶುರುವೇ ಆಗುತ್ತಿರಲಿಲ್ಲ ಅಂದರು. ಮುಂದಿನ ಚಿತ್ರದಲ್ಲಿ ಆರೋಗ್ಯವಂತರ ಸಾಲಿನಲ್ಲಿ ಗೆರೆ ಇತ್ತು. ನನ್ನ ಸಾಲು ಖಾಲಿ ಇತ್ತು.

ಜನ ಚಪ್ಪಾಳೆ ತಟ್ಟಿದರು. ಅವರು ಪರದೆಯ ಕಡೆಯೇ ತಿರುಗಿ ನಿಂತಿದ್ದರು. ಆವತ್ತು ಫೋನಿನಲ್ಲಿ ಅವರು ಮೇಡಂಗೆ ಏನಂದಿದ್ದರು ಅನ್ನುವುದು ಆ ಸಭೆಯಲ್ಲಿ ಅವರನ್ನು ಬಿಟ್ಟರೆ ನನ್ನೊಬ್ಬಳಿಗೇ ಗೊತ್ತಿತ್ತು. ಬೀಳ್ಕೊಡುಗೆಯ ದಿನ ನಾನು ಹಿಂದಿನ ಸಾಲಿನಲ್ಲಿ ಬಾಯಿ ಮುಚ್ಚಿ ಕೂತಿದ್ದದ್ದು ನನಗೆ ಗೊತ್ತಿತ್ತು. ಚಪ್ಪಾಳೆ ಮುಗಿದ ಮೇಲೆ ಅವರು ಈ ಕಡೆ ತಿರುಗಿ ನನ್ನನ್ನು ಹುಡುಕಿದರು. ಕಣ್ಣು ಕೂಡಿತು. ಇಬ್ಬರೂ ತಲೆ ತಗ್ಗಿಸಿದೆವು.